ಬೆನ್ನಿನ ಆಪರೇಷನ್: ತಾರೀಖು ಗೊತ್ತಾದ ದಿನದಿಂದಲೇ ಶುಶ್ರೂಷೆ

ಬೆನ್ನಿನ ಆಪರೇಷನ್ ಆಗಬೇಕು ಎಂದು ವೈದ್ಯರು ಹೇಳಿ ತಾರೀಖು ಕೊಟ್ಟ ಮೇಲೆ, ಎರಡು ವಾರದಿಂದ ಆರು ವಾರದವರೆಗೆ ಸಮಯ ಸಿಗುವುದುಂಟು. ನಮ್ಮಲ್ಲಿ ಬಹಳ ಮಂದಿ ಆ ದಿನಗಳನ್ನು ಮಂಚದ ಮೇಲೆ ಕಳೆಯುತ್ತಾರೆ. ನೋವಿನ ಗುಳಿಗೆ ನುಂಗುತ್ತಾರೆ, ರಾತ್ರಿ ನಿದ್ದೆಗೆಡುತ್ತಾರೆ. ಬಂದು ಹೋಗುವವರೆಲ್ಲ ಹೇಳುವ ಕಥೆಗಳನ್ನು ಕೇಳಿ ಇನ್ನಷ್ಟು ಕುಗ್ಗುತ್ತಾರೆ. ಆಪರೇಷನ್ ದಿನ ಬರುವಷ್ಟರಲ್ಲಿ ಕಾಲಿನ ಸ್ನಾಯು ಸೊರಗಿರುತ್ತದೆ, ಶುಗರ್ ಏರಿರುತ್ತದೆ, ಮನಸ್ಸು ಸೋತಿರುತ್ತದೆ.

ಈ ದಿನಗಳನ್ನು ಚಿಕಿತ್ಸೆಯ ಭಾಗವಾಗಿ ಬಳಸಿಕೊಳ್ಳಲು ಸಾಧ್ಯವಿದೆ. ಅದಕ್ಕೆ ದೊಡ್ಡ ಯಂತ್ರ ಬೇಡ, ದುಬಾರಿ ಔಷಧ ಬೇಡ. ತಿಳಿದ ಒಬ್ಬ ನರ್ಸ್, ಜೊತೆಗೆ ಒಬ್ಬ ಫಿಜಿಯೋಥೆರಪಿಸ್ಟ್, ಮನೆಯವರ ಸಹಕಾರ ಮತ್ತು ರೋಗಿಗೆ ಅರ್ಥವಾಗುವ ಭಾಷೆ ಬೇಕು. ವೈದ್ಯಲೋಕ ಇದನ್ನು ಪ್ರಿಹ್ಯಾಬಿಲಿಟೇಶನ್ ಎನ್ನುತ್ತದೆ, ಚಿಕ್ಕದಾಗಿ ಪ್ರಿಹ್ಯಾಬ್; ನಮ್ಮ ಮಾತಿನಲ್ಲಿ ಪೂರ್ವಸಿದ್ಧತೆ. ಮಳೆ ಬೀಳುವ ಮೊದಲೇ ರೈತ ಹೊಲ ಹದ ಮಾಡಿಟ್ಟುಕೊಳ್ಳುವಂತೆ, ಶಸ್ತ್ರಚಿಕಿತ್ಸೆಯ ಪೆಟ್ಟು ಬೀಳುವ ಮೊದಲೇ ದೇಹವನ್ನೂ ಮನಸ್ಸನ್ನೂ ಹದಗೊಳಿಸುವ ಕೆಲಸ ಇದು.

ಕಾಚಿಗೂಡಕ್ಕೆ ಬಂದಿಳಿಯುವವರು

ರಾಯಚೂರು, ಕಲಬುರಗಿ, ಬೀದರ್ ಸೀಮೆಯ ಜನಕ್ಕೆ ದೊಡ್ಡ ದವಾಖಾನೆ ಎಂದರೆ ಹೈದರಾಬಾದ್. 1956ರ ನವೆಂಬರ್ 1ರವರೆಗೆ ಈ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಗಡಿ ಬದಲಾಯಿತು, ದವಾಖಾನೆಯ ದಾರಿ ಬದಲಾಗಲಿಲ್ಲ. ನಿಜಾಮರ ಕಾಲದಲ್ಲಿ, 1916ರಲ್ಲಿ ಕಟ್ಟಿದ ಕಾಚಿಗೂಡ ರೈಲು ನಿಲ್ದಾಣ ಆ ದಾರಿಯ ಒಂದು ದೊಡ್ಡ ಬಾಗಿಲು. ಕೃಷ್ಣಾ ನಿಲ್ದಾಣದ ಮೂಲಕ ಹೊಸ ಹಳಿ ಕೂಡಿಕೊಂಡ ಮೇಲೆ, 2023ರ ಅಕ್ಟೋಬರ್‌ನಲ್ಲಿ ಕಾಚಿಗೂಡಕ್ಕೂ ರಾಯಚೂರಿಗೂ ನಡುವೆ ನೇರ ರೈಲು ಶುರುವಾಯಿತು. ಸುತ್ತಮುತ್ತ ಖಾಸಗಿ ಆಸ್ಪತ್ರೆಗಳಿವೆ. ಪಂಜಾಗುಟ್ಟದಲ್ಲಿ ನಿಮ್ಸ್ ಇದೆ. ಮೂಳೆ ಆಸ್ಪತ್ರೆಯಾಗಿ ಹುಟ್ಟಿದ ಅದು ಮುಂದೆ ನಿಜಾಮ್ಸ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಾಗಿ ಬೆಳೆಯಿತು. ಕಾಚಿಗೂಡದಲ್ಲೇ ಕರ್ನಾಟಕ ಸಾಹಿತ್ಯ ಮಂದಿರವೂ ಕನ್ನಡ ಮಕ್ಕಳ ನೃಪತುಂಗ ಶಾಲೆಯೂ ಇರುವುದರಿಂದ ಊರಿನಿಂದ ಬಂದವರಿಗೆ ಕನ್ನಡ ಮಾತಾಡುವ ಮುಖಗಳು ಕಾಣಸಿಗುತ್ತವೆ.

ಆದರೆ ವಾರ್ಡಿನ ಒಳಗೆ ಮಾತು ತೆಲುಗು, ಉರ್ದು, ಹಿಂದಿ. ಕಾಗದದ ಮೇಲೆ ಇಂಗ್ಲಿಷ್. ಹತ್ತಿ ಹೊಲದಲ್ಲಿ ಬಾಗಿ ಬಾಗಿ ಬೆನ್ನು ಸವೆಸಿದ ತಾಯಿ, ಚೀಲ ಹೊತ್ತ ಹಮಾಲರು, ದಿನವಿಡೀ ಲಾರಿ ಓಡಿಸಿದ ಡ್ರೈವರ್ ಇಲ್ಲಿಗೆ ಬರುವಾಗ ನೋವಿನ ಜೊತೆಗೆ ಪರಸ್ಥಳದ ದಿಗಿಲನ್ನೂ ಹೊತ್ತು ತರುತ್ತಾರೆ. ‘ಸಿಸ್ಟರ್, ನಾ ಮತ್ತ ನಡೀತೀನೇನ್ರೀ?’ ಎಂಬ ಪ್ರಶ್ನೆ ಬಾಯಿಗೆ ಬಂದರೂ ಯಾವ ಭಾಷೆಯಲ್ಲಿ ಕೇಳಬೇಕೆಂದು ತಿಳಿಯದೆ ಸುಮ್ಮನಾಗುವವರುಂಟು. ಪೂರ್ವಸಿದ್ಧತೆಯ ಶುಶ್ರೂಷೆ ಆ ಪ್ರಶ್ನೆಯಿಂದಲೇ ಶುರುವಾಗಬೇಕು.

ಹೆದರಿಕೆ ನೋವನ್ನು ಹೇಗೆ ಹೆಚ್ಚಿಸುತ್ತದೆ

ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯ ಪ್ರಕಾರವೂ ನೋವು ದೇಹದ ಸಂವೇದನೆ ಮಾತ್ರವಲ್ಲ, ಭಾವನೆಯ ಅನುಭವವೂ ಹೌದು. ಇದಕ್ಕೆ ನರಗಳ ಕೆಲಸದಲ್ಲೇ ಆಧಾರವಿದೆ. ಗಾಯದಿಂದ ಹೊರಟ ಸಂದೇಶ ಬೆನ್ನುಹುರಿಯ ಮೂಲಕ ಮಿದುಳಿಗೆ ಏರುತ್ತದೆ. ಆ ಸಂದೇಶವನ್ನು ತಗ್ಗಿಸುವ ಅಥವಾ ಹಿಗ್ಗಿಸುವ ಏರ್ಪಾಡು ಬೆನ್ನುಹುರಿಯಲ್ಲೇ ಇದೆ ಎಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಪ್ರತಿಪಾದಿಸಿದರು. ಮಿದುಳಿನಿಂದ ಕೆಳಗಿಳಿಯುವ ನರದಾರಿಗಳು ಈ ಏರ್ಪಾಡನ್ನು ನಿಯಂತ್ರಿಸುತ್ತವೆ. ಮನಸ್ಸು ನಿರಾಳವಾಗಿದ್ದರೆ ಅವು ನೋವಿನ ಸಂದೇಶವನ್ನು ತಡೆಹಿಡಿಯುತ್ತವೆ. ಹೆದರಿಕೆ, ನಿದ್ದೆಗೇಡು, ಅನಿಶ್ಚಯ ಹೆಚ್ಚಾದಾಗ ತಡೆ ಸಡಿಲವಾಗುತ್ತದೆ.

ಜೊತೆಗೆ ಹೆದರಿದ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸೋಲ್ ಏರುತ್ತವೆ. ಬಿಪಿ, ನಾಡಿಬಡಿತ, ಶುಗರ್ ಮೇಲೇರುತ್ತವೆ. ಬೆನ್ನಿನ ಸ್ನಾಯುಗಳು ಬಿಗಿಹಿಡಿಯುತ್ತವೆ, ಆ ಬಿಗಿತವೇ ಇನ್ನೊಂದು ನೋವಾಗುತ್ತದೆ. ಅಲುಗಾಡಿದರೆ ಏನಾದರೂ ಮುರಿದೀತು ಎಂಬ ಅಂಜಿಕೆಯಿಂದ ರೋಗಿ ಮಲಗಿಯೇ ಇರುತ್ತಾನೆ. ಮಲಗಿದಷ್ಟೂ ಸ್ನಾಯು ಕರಗುತ್ತದೆ, ಏಳುವುದು ಇನ್ನಷ್ಟು ಕಷ್ಟವಾಗುತ್ತದೆ. ಆಪರೇಷನ್‌ಗೆ ಮುಂಚೆ ತೀವ್ರ ಆತಂಕ ಇದ್ದವರಿಗೆ ಆಮೇಲೆ ನೋವು ಹೆಚ್ಚಿರುವುದು, ನೋವುನಿವಾರಕ ಹೆಚ್ಚು ಬೇಕಾಗುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದ್ದರಿಂದ ಧೈರ್ಯ ತುಂಬುವ ಮಾತನ್ನು ಬರೀ ಉಪಚಾರದ ಮಾತೆಂದು ತಳ್ಳಿಹಾಕುವಂತಿಲ್ಲ. ಅದು ನೋವಿನ ಚಿಕಿತ್ಸೆಯ ಒಂದು ಭಾಗ.

ಇದರ ಹಳೆಯ ಪುರಾವೆ 1964ರದು. ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞ ಲಾರೆನ್ಸ್ ಎಗ್ಬರ್ಟ್ ಮತ್ತು ಸಂಗಡಿಗರು ಹೊಟ್ಟೆಯ ಆಪರೇಷನ್‌ಗೆ ಬಂದ 97 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲೇ ಕೂತು ಹೇಳಿದರು: ಎಲ್ಲಿ ನೋಯುತ್ತದೆ, ಯಾಕೆ ನೋಯುತ್ತದೆ, ಸ್ನಾಯು ಹೇಗೆ ಸಡಿಲಿಸಬೇಕು, ಹಾಸಿಗೆಯಲ್ಲಿ ಹೇಗೆ ಹೊರಳಬೇಕು. ಆ ಗುಂಪಿನವರಿಗೆ ಮಾರ್ಫಿನ್ ಜಾತಿಯ ಔಷಧ ಸುಮಾರು ಅರ್ಧದಷ್ಟೇ ಸಾಕಾಯಿತು. ಯಾರು ಯಾವ ಗುಂಪಿನವರೆಂದು ತಿಳಿಯದ ಶಸ್ತ್ರವೈದ್ಯರು ಅವರನ್ನು ಸರಾಸರಿ 2.7 ದಿನ ಮೊದಲೇ ಮನೆಗೆ ಕಳಿಸಿದರು.

ನರ್ಸ್ ಮೊದಲು ಕೇಳುವುದು

ಒಳ್ಳೆಯ ಪೂರ್ವಸಿದ್ಧತೆ ಅಳತೆಯಿಂದ ಆರಂಭವಾಗುತ್ತದೆ. ನೋವನ್ನು 0ಯಿಂದ 10ರ ಅಂಕದಲ್ಲಿ ಹೇಳಿಸುತ್ತಾರೆ. 0 ಎಂದರೆ ನೋವೇ ಇಲ್ಲ, 10 ಎಂದರೆ ಊಹಿಸಬಹುದಾದ ಅತಿ ದೊಡ್ಡ ನೋವು. ಅಂಕಿ ಹೇಳಲು ಬಾರದವರಿಗೆ ನಗುವ ಮುಖದಿಂದ ಅಳುವ ಮುಖದವರೆಗಿನ ಚಿತ್ರಗಳಿವೆ. ಕುಳಿತಾಗ, ನಡೆದಾಗ, ರಾತ್ರಿ ಹೊರಳಿದಾಗ ಎಷ್ಟೆಷ್ಟು ಎಂದು ಬೇರೆ ಬೇರೆ ಕೇಳಿದರೆ ಚಿತ್ರ ಸ್ಪಷ್ಟವಾಗುತ್ತದೆ.

ನೋವಿನ ಬಗೆಯೂ ಮುಖ್ಯ. ಸೊಂಟದಿಂದ ಪಿರ್ರೆಗೆ, ಅಲ್ಲಿಂದ ಪಾದದವರೆಗೆ ಕರೆಂಟ್ ಹೊಡೆದಂತೆ ಹರಿಯುವ ನೋವು, ಉರಿ, ಜೋಮು, ಮರಗಟ್ಟುವುದು, ಇವೆಲ್ಲ ನರ ಒತ್ತಿಹೋಗಿರುವ ಸೂಚನೆ. ಸೊಂಟದಲ್ಲಷ್ಟೇ ಹಿಡಿದುಕೊಳ್ಳುವ ಸೆಳೆತ ಬೇರೆ. ಈ ವ್ಯತ್ಯಾಸವನ್ನು ರೋಗಿ ತನ್ನ ಮಾತಿನಲ್ಲೇ ಹೇಳಬೇಕು, ಮಗನೋ ಅಳಿಯನೋ ‘ಬೆನ್ನು ನೋವು’ ಎಂದು ಚುಟುಕಾಗಿ ಅನುವಾದಿಸಿಬಿಡಬಾರದು. ಬೆನ್ನಿನ ಮಣಿಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜಾರಿ ನರ ಒತ್ತಿದಾಗ ಮಾಡುವ ಆಪರೇಷನ್ ಕಾಲಿನ ನೋವನ್ನು ಕಳೆಯುವಷ್ಟು ಖಚಿತವಾಗಿ ಸೊಂಟನೋವನ್ನು ಕಳೆಯುವುದಿಲ್ಲ. ಇದನ್ನು ಮೊದಲೇ ತಿಳಿದವರು ಆಮೇಲೆ ನಿರಾಶರಾಗುವುದು ಕಡಿಮೆ.

ಆತಂಕವನ್ನು ಅಳೆಯಲು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರೂಪಿಸಿ 1996ರಲ್ಲಿ ಪ್ರಕಟಿಸಿದ ಆರು ಪ್ರಶ್ನೆಗಳ ಒಂದು ಪಟ್ಟಿ ಜಗತ್ತಿನ ಹಲವೆಡೆ ಬಳಕೆಯಲ್ಲಿದೆ. ಅರಿವಳಿಕೆಯ ಬಗ್ಗೆ ಚಿಂತೆ ಇದೆಯೇ, ಅದೇ ತಲೆಯಲ್ಲಿ ಸುತ್ತುತ್ತಿದೆಯೇ, ಅದರ ಬಗ್ಗೆ ಇನ್ನಷ್ಟು ತಿಳಿಯಬೇಕೇ. ಆಪರೇಷನ್ ಬಗ್ಗೆಯೂ ಇದೇ ಮೂರು. ಪ್ರತಿಯೊಂದಕ್ಕೂ 1ರಿಂದ 5 ಅಂಕ. ಚಿಂತೆಯ ನಾಲ್ಕು ಪ್ರಶ್ನೆಗಳಿಗೆ ಒಟ್ಟು 20ರಲ್ಲಿ 11 ಅಥವಾ ಹೆಚ್ಚು ಬಂದರೆ ಆ ವ್ಯಕ್ತಿಯೊಂದಿಗೆ ಕೂತು ಮಾತಾಡಲೇಬೇಕು. ಉಳಿದ ಎರಡು ಪ್ರಶ್ನೆಗಳ ಉಪಯೋಗ ಬೇರೆ. ಕೆಲವರಿಗೆ ಎಲ್ಲವನ್ನೂ ತಿಳಿದರೆ ಸಮಾಧಾನ, ಇನ್ನು ಕೆಲವರಿಗೆ ಬೇಕಾದಷ್ಟೇ ತಿಳಿದರೆ ಸಾಕು. ಯಾರಿಗೆ ಎಷ್ಟು ಹೇಳಬೇಕೆಂದು ಇವು ತೋರಿಸುತ್ತವೆ.

ನಾಲ್ಕು ಭಯ, ನಾಲ್ಕು ಉತ್ತರ

‘ಕಾಲು ಹೋಗಿಬಿಟ್ಟರೆ?’ ಎಲ್ಲಕ್ಕಿಂತ ದೊಡ್ಡ ಭಯ ಇದು. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಹತ್ತಿರ ಮುಗಿಯುತ್ತದೆ. ಡಿಸ್ಕ್ ಸಾಮಾನ್ಯವಾಗಿ ಜಾರುವುದು ಅದಕ್ಕಿಂತ ಕೆಳಗೆ, ಸೊಂಟದ ನಾಲ್ಕು ಮತ್ತು ಐದನೆಯ ಮಣಿಗಳ ಹತ್ತಿರ. ಅಲ್ಲಿರುವುದು ನರಗಳ ಎಳೆಗಳು. ಆ ಎಳೆಗೆ ಪೆಟ್ಟಾಗುವ ಸಂಭವ ಇಲ್ಲವೆಂದು ಯಾರೂ ಹೇಳಬಾರದು. ಆದರೆ ಕೆಳಸೊಂಟದ ಸಾಮಾನ್ಯ ಆಪರೇಷನ್‌ನಲ್ಲಿ ಎರಡೂ ಕಾಲು ಬಿದ್ದುಹೋಗುವುದು ತೀರ ಅಪರೂಪ. ಕುತ್ತಿಗೆ ಮತ್ತು ಎದೆಭಾಗದ ಬೆನ್ನಿನ ಆಪರೇಷನ್‌ಗಳ ಲೆಕ್ಕವೇ ಬೇರೆ, ಅದನ್ನು ಶಸ್ತ್ರವೈದ್ಯರನ್ನೇ ನೇರವಾಗಿ ಕೇಳಬೇಕು.

‘ಪ್ರಜ್ಞೆ ಬರದಿದ್ದರೆ?’ ಅರಿವಳಿಕೆಯ ಸುರಕ್ಷತೆಯ ಹಳೆಯ ಪ್ರಯೋಗಗಳು ನಡೆದದ್ದು ಕಾಚಿಗೂಡದಿಂದ ದೂರವಿಲ್ಲದ ಅಫ್ಜಲ್‌ಗಂಜ್ ಆಸ್ಪತ್ರೆಯಲ್ಲಿ. 1888 ಮತ್ತು 1889ರಲ್ಲಿ ಶಸ್ತ್ರವೈದ್ಯ ಎಡ್ವರ್ಡ್ ಲಾರಿ ನಡೆಸಿದ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳಿಗೆ ಹಣ ಕೊಟ್ಟವರು ಆರನೆಯ ನಿಜಾಮರು. ಅಲ್ಲಿ ಕ್ಲೋರೋಫಾರ್ಮ್ ಕೊಡುತ್ತಿದ್ದ ಡಾ. ರೂಪಾಬಾಯಿ ಫರ್ದೂನ್‌ಜೀ ಅವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಗೌರವಿಸುತ್ತಾರೆ. ಆ ಕಾಲದಲ್ಲಿ ಉಸಿರಾಟವನ್ನು ಕಣ್ಣಿನಿಂದ ನೋಡುತ್ತಿದ್ದರು. ಇಂದು ರಕ್ತದ ಆಮ್ಲಜನಕ, ಬಿಡುವ ಗಾಳಿ, ಹೃದಯಬಡಿತ, ಬಿಪಿ ಎಲ್ಲವನ್ನೂ ಯಂತ್ರಗಳು ಎಡೆಬಿಡದೆ ತೋರಿಸುತ್ತವೆ. ಅರಿವಳಿಕೆ ತಜ್ಞರು ಆಪರೇಷನ್ ಮುಗಿಯುವವರೆಗೂ ರೋಗಿಯ ಪಕ್ಕದಲ್ಲೇ ಇರುತ್ತಾರೆ.

‘ನೋವು ತಡೆಯಲಾಗದಿದ್ದರೆ?’ ನೋವು ಇರುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಗಾಯದ ಜಾಗದಲ್ಲಿ ಮೊದಲ ಎರಡು ಮೂರು ದಿನ ಹೆಚ್ಚು, ಆಮೇಲೆ ಇಳಿಮುಖ. ಪ್ಯಾರಸಿಟಮಾಲ್ ಗಡಿಯಾರದ ಲೆಕ್ಕಕ್ಕೆ, ಬೇರೆ ಬಗೆಯ ನೋವುನಿವಾರಕ ವೈದ್ಯರ ಆಯ್ಕೆಯಂತೆ, ಬಲವಾದ ಔಷಧ ಬೇಕೆನಿಸಿದಾಗ, ಹೀಗೆ ಹಲವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಕೊಡುವುದು ಈಗಿನ ಕ್ರಮ. ನೋವು 8ಕ್ಕೆ ಏರುವವರೆಗೆ ಹಲ್ಲುಕಚ್ಚಿ ತಡೆದರೆ ಇಳಿಸುವುದು ಕಷ್ಟ. 4ಕ್ಕೆ ಬಂದಾಗಲೇ ಸಿಸ್ಟರ್‌ಗೆ ಹೇಳಬೇಕು. ಗಂಡಸು ನೋವು ನುಂಗಬೇಕು, ಹೆಂಗಸು ಸಹಿಸಬೇಕು ಎಂಬ ಮಾತುಗಳಿಗೆ ವಾರ್ಡಿನಲ್ಲಿ ಜಾಗ ಕೊಡಬಾರದು.

‘ಖರ್ಚು?’ ಇದೂ ಆತಂಕವೇ. ಬೇರೆ ರಾಜ್ಯದ ರೋಗಿಗೆ ಯಾವ ಯೋಜನೆ ಅನ್ವಯಿಸುತ್ತದೆ, ಆಯುಷ್ಮಾನ್ ಕಾರ್ಡ್ ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ, ಸ್ಕ್ರೂ ಮತ್ತು ರಾಡ್‌ಗಳ ಬೆಲೆ ಪ್ಯಾಕೇಜಿನೊಳಗೆ ಸೇರಿದೆಯೇ ಎಂದು ದಾಖಲಾಗುವ ಮೊದಲೇ ಬರಹದಲ್ಲಿ ಪಡೆಯಬೇಕು. ಮನೆಯ ಎತ್ತು ಮಾರುವ ಚಿಂತೆಯಲ್ಲಿ ಮಲಗಿದವರಿಗೆ ಯಾವ ಗುಳಿಗೆಯೂ ನಿದ್ದೆ ತರುವುದಿಲ್ಲ.

ದೇಹದ ತಯಾರಿ: ಸಾಧ್ಯವಾದರೆ ನಾಲ್ಕು ವಾರ

ತಂಬಾಕು ಮೊದಲು ಹೋಗಬೇಕು. ಬೀಡಿ, ಸಿಗರೇಟು ಮಾತ್ರವಲ್ಲ, ಗುಟ್ಖಾ, ಜರ್ದಾ, ಕಡ್ಡಿಪುಡಿಯಲ್ಲೂ ನಿಕೋಟಿನ್ ಇದೆ. ಅದು ರಕ್ತನಾಳಗಳನ್ನು ಕಿರಿದಾಗಿಸಿ ಗಾಯ ಮಾಯುವುದನ್ನು ತಡಮಾಡುತ್ತದೆ. ಎರಡು ಮಣಿಗಳನ್ನು ಕೂಡಿಸುವ ಫ್ಯೂಷನ್ ಆಪರೇಷನ್‌ನಲ್ಲಿ ಮೂಳೆ ಬೆಸೆದುಕೊಳ್ಳದೆ ಉಳಿಯಲು ತಂಬಾಕು ಒಂದು ಮುಖ್ಯ ಕಾರಣ. ಕನಿಷ್ಠ ನಾಲ್ಕು ವಾರ ಮೊದಲು ಬಿಡಬೇಕು, ಆಮೇಲೂ ಮುಟ್ಟಬಾರದು. ಬಿಡಲು ನೆರವು ಬೇಕಾದರೆ ಕೇಂದ್ರ ಸರ್ಕಾರದ ಉಚಿತ ದೂರವಾಣಿ 1800-11-2356 ಇದೆ.

ಶುಗರ್ ಇದ್ದವರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಬೇಕು. ಅದು 8ಕ್ಕಿಂತ ಹೆಚ್ಚಿದ್ದರೆ ಅನೇಕ ಶಸ್ತ್ರವೈದ್ಯರು ತುರ್ತಲ್ಲದ ಆಪರೇಷನ್ ಮುಂದೂಡುತ್ತಾರೆ, ಗಾಯದಲ್ಲಿ ಸೋಂಕಿನ ಅಪಾಯ ಏರುವುದೇ ಕಾರಣ. ರಕ್ತಹೀನತೆ ಇದ್ದರೆ ಈಗಲೇ ಸರಿಪಡಿಸಬೇಕು. ರಕ್ತ ತೆಳುವಾಗಿಸುವ ಗುಳಿಗೆ, ಹೃದಯದ ಗುಳಿಗೆ, ಶುಗರ್ ಗುಳಿಗೆ, ಹಳ್ಳಿಯ ಔಷಧ, ಯಾವುದನ್ನೂ ಮುಚ್ಚಿಡದೆ ಚೀಲದಲ್ಲಿ ತಂದು ತೋರಿಸಬೇಕು. ಕೆಲವನ್ನು ಕೆಲವು ದಿನ ಮೊದಲು ನಿಲ್ಲಿಸಬೇಕಾಗುತ್ತದೆ, ಕೆಲವನ್ನು ನಿಲ್ಲಿಸಲೇಬಾರದು. ಆ ತೀರ್ಮಾನ ವೈದ್ಯರದು. ನೋವಿಗೆಂದು ತಿಂಗಳುಗಟ್ಟಲೆ ಟ್ರಾಮಡಾಲ್‌ನಂಥ ಗುಳಿಗೆ ನುಂಗುತ್ತಿದ್ದರೆ ಅದನ್ನು ತಪ್ಪದೆ ಹೇಳಿ. ದೇಹ ಅದಕ್ಕೆ ಒಗ್ಗಿಹೋಗಿದ್ದರೆ ಆಪರೇಷನ್ ನಂತರದ ನೋವಿಗೆ ಬೇರೆ ಲೆಕ್ಕ ಹಾಕಬೇಕಾಗುತ್ತದೆ.

ಊಟದಲ್ಲಿ ಪ್ರೋಟೀನ್ ಹೆಚ್ಚಿಸಿ. ಜೋಳದ ರೊಟ್ಟಿಯ ಜೊತೆ ಕಟ್ಟಿನ ಸಾರು ಮಾತ್ರ ಸಾಲದು. ಗಟ್ಟಿ ತೊಗರಿಬೇಳೆ, ಮೊಳಕೆ ಹೆಸರು, ಶೇಂಗಾ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಬೇಕು. ಕಿಡ್ನಿ ತೊಂದರೆ ಇದ್ದವರು ಪ್ರಮಾಣವನ್ನು ವೈದ್ಯರಿಂದ ಕೇಳಬೇಕು. ಸೊಪ್ಪು, ನೀರು ಹೆಚ್ಚಿಸುವುದರಿಂದ ಮಲಬದ್ಧತೆ ತಪ್ಪುತ್ತದೆ. ಆಪರೇಷನ್ ಆದ ಬೆನ್ನಿಗೆ ತಿಣುಕುವುದು ಬಹಳ ನೋವಿನ ಕೆಲಸ.

ನಡಿಗೆ ದಿನಕ್ಕೆ ಅರ್ಧ ತಾಸು, ಒಮ್ಮೆಗೇ ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ. ಕಾಲು ಸೋತರೆ ಕೂತು ಮತ್ತೆ ನಡೆಯಿರಿ. ಜೊತೆಗೆ ಫಿಜಿಯೋಥೆರಪಿಸ್ಟ್ ತೋರಿಸಿದ ಸರಳ ವ್ಯಾಯಾಮಗಳು: ಮಲಗಿ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ತೊಡೆಯ ಸ್ನಾಯು ಬಿಗಿಹಿಡಿದು ಬಿಡುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಕಾಲಿನ ಶಕ್ತಿ ಕುಂದುತ್ತ ಹೋದರೆ ವ್ಯಾಯಾಮ ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣಬೇಕು.

ಮೊದಲೇ ಕಲಿಯಬೇಕಾದ ಮೂರು ಕೆಲಸ

ಆಪರೇಷನ್ ಆದ ದಿನ ನೋವು, ಮಂಪರು, ಗಾಬರಿ ಒಟ್ಟಿಗೇ ಇರುವಾಗ ಹೊಸದನ್ನು ಕಲಿಸಿದರೆ ತಲೆಗೆ ಹೋಗುವುದಿಲ್ಲ. ಆದ್ದರಿಂದ ನರ್ಸ್ ಇವನ್ನು ಮುಂಚೆಯೇ ಮಾಡಿಸಿ ನೋಡಬೇಕು.

ಒಂದು, ಹೊರಳಿ ಏಳುವುದು. ಅಂಗಾತ ಮಲಗಿ ಎರಡೂ ಮೊಣಕಾಲು ಮಡಿಚಿ. ಭುಜ, ಸೊಂಟ, ಮೊಣಕಾಲು ಒಂದೇ ಸಲಕ್ಕೆ ತಿರುಗುವಂತೆ ಮಗ್ಗುಲಿಗೆ ಹೊರಳಿ, ನಡು ತಿರುಚಬಾರದು. ಕಾಲುಗಳನ್ನು ಮಂಚದಿಂದ ಕೆಳಗಿಳಿಸುತ್ತಲೇ ಕೆಳಗಿನ ಮೊಣಕೈ ಮತ್ತು ಮೇಲಿನ ಅಂಗೈ ಊರಿ ಕೂರಬೇಕು. ಮಲಗುವಾಗ ಇದೇ ಕ್ರಮ ತಿರುವುಮುರುವು. ಮನೆಯಲ್ಲಿ ದಿನಕ್ಕೆ ಐದಾರು ಸಲ ಅಭ್ಯಾಸ ಮಾಡಿದರೆ ಆ ದಿನ ದೇಹ ತಾನೇ ನೆನಪಿಟ್ಟುಕೊಂಡಿರುತ್ತದೆ.

ಎರಡು, ಉಸಿರು. ಹೊಟ್ಟೆಯ ಮೇಲೆ ಕೈಯಿಟ್ಟು, ನಾಲ್ಕು ಎಣಿಸುವವರೆಗೆ ಮೂಗಿನಿಂದ ಎಳೆದುಕೊಂಡು, ಆರು ಎಣಿಸುವವರೆಗೆ ನಿಧಾನ ಬಿಡಬೇಕು. ಉಸಿರು ಬಿಡುವ ಹೊತ್ತು ಉದ್ದವಾದಾಗ ಹೃದಯದ ಬಡಿತ ಇಳಿಯುತ್ತದೆ. ಬೆಳಗ್ಗೆ ಸಂಜೆ ಹತ್ತು ನಿಮಿಷ ಸಾಕು. ಮೂರು ಗುಂಡುಗಳಿರುವ ಉಸಿರಾಟದ ಪ್ಲಾಸ್ಟಿಕ್ ಉಪಕರಣವನ್ನೂ ಆಗಲೇ ಬಳಸಿ ಕಲಿತರೆ, ಅರಿವಳಿಕೆಯ ನಂತರ ಶ್ವಾಸಕೋಶದಲ್ಲಿ ಕಫ ಕಟ್ಟುವುದು ತಗ್ಗುತ್ತದೆ.

ಮೂರು, ಬಿಗಿಹಿಡಿದು ಸಡಿಲಿಸುವುದು. ಪಾದದಿಂದ ಶುರುಮಾಡಿ ಮುಖದವರೆಗೆ ಒಂದೊಂದೇ ಭಾಗದ ಸ್ನಾಯುವನ್ನು ಐದು ಸೆಕೆಂಡ್ ಬಿಗಿಮಾಡಿ ಪೂರ್ತಿ ಬಿಟ್ಟುಬಿಡುವ ಈ ವಿಧಾನವನ್ನು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಕಳೆದ ಶತಮಾನದ ಆರಂಭದಲ್ಲಿ ರೂಪಿಸಿದರು. ನೋವಿರುವ ಬೆನ್ನಿನ ಭಾಗವನ್ನು ಬಿಗಿಮಾಡದೆ ಬಿಟ್ಟುಬಿಡಬಹುದು. ಇದರ ಜೊತೆ ಸಂಗೀತವೂ ಕೂಡಲಿ. 2015ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ, 73 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಆಪರೇಷನ್ ಸಮಯದ ಸಂಗೀತದಿಂದ ನೋವೂ ಆತಂಕವೂ ತಗ್ಗುತ್ತವೆ ಎಂದು ತೋರಿಸಿತು. ವಚನ, ದಾಸರ ಪದ, ತತ್ವಪದ, ಕವ್ವಾಲಿ, ಹಳೆಯ ಸಿನಿಮಾ ಹಾಡು, ಯಾವುದೆಂದು ರೋಗಿಯೇ ಆರಿಸಲಿ. ಮೊಬೈಲಿಗೆ ತುಂಬಿಸಿಕೊಡುವ ಕೆಲಸ ಮೊಮ್ಮಕ್ಕಳದಾಗಲಿ.

ಹಿಂದಿನ ಸಂಜೆ, ಆ ಬೆಳಗು, ಎದ್ದ ಮೇಲೆ

ಹಿಂದಿನ ಸಂಜೆ ಸೋಪು ಹಾಕಿ, ಅಥವಾ ಆಸ್ಪತ್ರೆ ಕೊಟ್ಟ ಸೋಂಕುನಾಶಕ ದ್ರವದಿಂದ ಸ್ನಾನ. ಬೆನ್ನಿನ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ. ಸಣ್ಣ ಗೀರುಗಳಿಂದ ಸೋಂಕು ಸುಲಭವಾಗುತ್ತದೆ, ಬೇಕಿದ್ದರೆ ಆಸ್ಪತ್ರೆಯವರೇ ಕ್ಲಿಪ್ಪರ್‌ನಿಂದ ತೆಗೆಯುತ್ತಾರೆ. ಗಟ್ಟಿ ಆಹಾರ ಆರು ತಾಸು ಮೊದಲು ನಿಲ್ಲಬೇಕು, ಎಣ್ಣೆಜಿಡ್ಡಿನ ಊಟವಾದರೆ ಎಂಟು ತಾಸು. ಹಾಲು ಹಾಕಿದ ಚಹಾ, ಹಾಲು, ಮಜ್ಜಿಗೆ ಇವೂ ಗಟ್ಟಿ ಆಹಾರದ ಲೆಕ್ಕಕ್ಕೇ ಸೇರುತ್ತವೆ. ನೀರಿನಂಥ ತಿಳಿ ದ್ರವವನ್ನು ಸಾಮಾನ್ಯವಾಗಿ ಎರಡು ತಾಸು ಮೊದಲಿನವರೆಗೂ ಕುಡಿಯಬಹುದು. ರಾತ್ರಿಯಿಡೀ ಹನಿ ನೀರಿಲ್ಲದೆ ಒಣಗಿಸಿದರೆ ಬಾಯಾರಿಕೆ, ತಲೆನೋವು, ಕಿರಿಕಿರಿ ಹೆಚ್ಚುತ್ತವೆ. ನಿಮ್ಮ ಅರಿವಳಿಕೆ ತಜ್ಞರು ಹೇಳಿದ ಸಮಯವನ್ನೇ ಪಾಲಿಸಿ, ಹೇಳದಿದ್ದರೆ ಕೇಳಿ.

ಆ ಬೆಳಗು ಏನೇನಾಗುತ್ತದೆ ಎಂಬುದನ್ನು ನರ್ಸ್ ಸಾಲಾಗಿ ಹೇಳಿರಬೇಕು. ಕೈಗೆ ಸೂಜಿ, ಸ್ಟ್ರೆಚರ್, ತಣ್ಣನೆಯ ಓಟಿ (ಆಪರೇಷನ್ ಕೋಣೆ), ಮುಖಕ್ಕೆ ಮಾಸ್ಕ್. ನಿದ್ದೆ ಬಂದ ಮೇಲೆ ಬೋರಲು ಮಲಗಿಸುತ್ತಾರೆ, ಆದ್ದರಿಂದ ಎದ್ದಾಗ ಮುಖ ಸ್ವಲ್ಪ ಊದಿರಬಹುದು. ಉಸಿರಿನ ಕೊಳವೆ ಹಾಕಿದ್ದರಿಂದ ಗಂಟಲು ಕೆರೆಯಬಹುದು. ಮೂತ್ರದ ಪೈಪ್, ಗಾಯದ ಪಕ್ಕ ರಕ್ತ ಹೊರತೆಗೆಯುವ ಕೊಳವೆ (ಡ್ರೈನ್) ಇರಬಹುದು. ಇವನ್ನೆಲ್ಲ ಮೊದಲೇ ಕೇಳಿದವರು ಎಚ್ಚರವಾದಾಗ ‘ಏನೋ ಕೆಟ್ಟುಹೋಗಿದೆ’ ಎಂದು ಬೆಚ್ಚುವುದಿಲ್ಲ. ಕಾಲ್ಬೆರಳು ಆಡಿಸಿ ಎಂದು ಪದೇ ಪದೇ ಹೇಳುವುದು ನರಗಳ ಪರೀಕ್ಷೆಗೆ, ಅನುಮಾನ ಬಂದದ್ದಕ್ಕಲ್ಲ ಎಂಬುದೂ ತಿಳಿದಿರುತ್ತದೆ. ಹೆಚ್ಚಿನವರನ್ನು ಅದೇ ದಿನ ಅಥವಾ ಮರುದಿನ ಎಬ್ಬಿಸಿ ನಿಲ್ಲಿಸುತ್ತಾರೆ. ಕಾಲಿನ ಸೆಳೆತ ಬೇಗ ಹೋಗಿ ಶಕ್ತಿ ಆಮೇಲೆ ಮರಳಿ ಜೋಮು ಕೊನೆಗೆ ಹೋಗುವುದು ಸಾಮಾನ್ಯ. ಪೆಟ್ಟು ತಿಂದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ವೇಗದಲ್ಲಿ ಬೆಳೆಯುತ್ತದೆ, ಹಾಗಾಗಿ ಪಾದದ ಜೋಮಿಗೆ ತಿಂಗಳುಗಳು ಹಿಡಿದರೆ ಗಾಬರಿಯಾಗಬೇಕಿಲ್ಲ.

ಪುರಾವೆ ಎಷ್ಟು ಗಟ್ಟಿ?

ಪೂರ್ವಸಿದ್ಧತೆಯ ವಿಚಾರ ಹೊಸದಲ್ಲ. ದುರ್ಬಲರಾಗಿದ್ದ ಸೈನಿಕರಿಗೆ ಮೊದಲೇ ಒಳ್ಳೆಯ ಆಹಾರ, ವ್ಯಾಯಾಮ, ಶಿಕ್ಷಣ ಕೊಟ್ಟು ಗಟ್ಟಿಮಾಡಿದ ಬ್ರಿಟಿಷ್ ಸೈನ್ಯದ ಅನುಭವವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್ 1946ರಲ್ಲೇ ಪ್ರಿಹ್ಯಾಬಿಲಿಟೇಶನ್ ಎಂಬ ಹೆಸರಿನಲ್ಲೇ ಬರೆದಿತ್ತು. ಬೆನ್ನಿನ ವಿಷಯದಲ್ಲಿ, 2010ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಪ್ರಯೋಗವೊಂದರಲ್ಲಿ ಮುಂಚಿತ ವ್ಯಾಯಾಮ ಮತ್ತು ಬೇಗನೆಯ ಪುನಶ್ಚೇತನ ಪಡೆದವರು ಬೇಗ ಚೇತರಿಸಿಕೊಂಡು ಬೇಗ ಮನೆಗೆ ಹೋದರು. 2014ರಲ್ಲಿ ಏಡ್ರಿಯನ್ ಲೋ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿದ ಅಧ್ಯಯನದಲ್ಲಿ, ನರದ ನೋವು ಹೇಗೆ ಕೆಲಸ ಮಾಡುತ್ತದೆ ಎಂದು ಆಪರೇಷನ್‌ಗೆ ಮುಂಚೆ ಒಮ್ಮೆ ವಿವರಿಸಿದಾಗ, ನೋವಿನ ಅಂಕ ಅಷ್ಟೇ ಇದ್ದರೂ ಮುಂದಿನ ವರ್ಷದ ವೈದ್ಯಕೀಯ ಖರ್ಚು 45% ಕಡಿಮೆಯಾಯಿತು. ಸ್ವೀಡನ್‌ನ ಪ್ರಯೋಗಗಳಲ್ಲಿ ಮಾತ್ರ ಆಪರೇಷನ್‌ಗೆ ಮುಂಚಿನ ಫಿಜಿಯೋಥೆರಪಿಯ ಲಾಭ ದೀರ್ಘಕಾಲದ ಫಲಿತಾಂಶದಲ್ಲಿ ಹೆಚ್ಚೇನೂ ಕಾಣಲಿಲ್ಲ.

ಇದರಿಂದ ತಿಳಿಯುವುದು ಇಷ್ಟು. ಪೂರ್ವಸಿದ್ಧತೆ ಆಪರೇಷನ್ನಿನ ಗುಣವನ್ನು ಬದಲಿಸುವ ಮಂತ್ರವಲ್ಲ. ಆದರೆ ಅದಕ್ಕೆ ಮುಂಚಿನ ಮತ್ತು ಆಮೇಲಿನ ಕಷ್ಟದ ದಿನಗಳನ್ನು ಅದು ಸಹನೀಯವಾಗಿಸುತ್ತದೆ, ಹೆದರಿಕೆ ತಗ್ಗಿಸುತ್ತದೆ, ಬೇಗ ಕಾಲ ಮೇಲೆ ನಿಲ್ಲಿಸುತ್ತದೆ. ರೋಗಿಗೆ ವಿಷಯ ತಿಳಿಸುವುದು, ತಂಬಾಕು ಬಿಡಿಸುವುದು, ಬೇಗ ನಡೆಸುವುದು ಈಗ ಜಗತ್ತಿನಾದ್ಯಂತ ಮಾರ್ಗಸೂಚಿಗಳ ಭಾಗ. ಸೊಂಟದ ಫ್ಯೂಷನ್ ಆಪರೇಷನ್‌ಗೆ, ಆಪರೇಷನ್ ನಂತರದ ಬೇಗ ಚೇತರಿಕೆಗಾಗಿ ಕೆಲಸ ಮಾಡುವ ಇರಾಸ್ ಸೊಸೈಟಿ 2021ರಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲೂ ಇವು ಸೇರಿವೆ.

ಯಾವಾಗ ಕಾಯಬಾರದು

ಪೂರ್ವಸಿದ್ಧತೆಗೆ ಸಮಯ ಇರದ ಸಂದರ್ಭಗಳಿವೆ. ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಮಲದ ಮೇಲೆ ಹಿಡಿತ ತಪ್ಪುವುದು, ಕುಳಿತುಕೊಳ್ಳುವ ಭಾಗ ಮತ್ತು ಜನನಾಂಗದ ಸುತ್ತ ಸ್ಪರ್ಶವೇ ತಿಳಿಯದಂತಾಗುವುದು, ಪಾದ ಎತ್ತಲಾಗದಷ್ಟು ಬಲ ಕುಸಿಯುವುದು, ಇವು ಕಂಡರೆ ಅದೇ ದಿನ ತುರ್ತುವಿಭಾಗಕ್ಕೆ ಹೋಗಬೇಕು. ಆಪರೇಷನ್ ಆದ ಮೇಲೆ ಜ್ವರ, ಗಾಯದಿಂದ ಕೀವು ಅಥವಾ ನೀರಿನಂಥ ಸೋರಿಕೆ, ಮೀನಖಂಡ ಊದಿ ನೋಯುವುದು, ಎದೆನೋವು, ಉಸಿರುಗಟ್ಟುವುದು ಕಂಡರೂ ತಡಮಾಡಬಾರದು.

ಹಾಗೆಯೇ ಎಲ್ಲ ಬೆನ್ನುನೋವಿಗೂ ಆಪರೇಷನ್ ಬೇಕಿಲ್ಲ. ಡಿಸ್ಕ್ ಜಾರಿದವರಲ್ಲಿ ಬಹುಪಾಲು ಮಂದಿ ಆರರಿಂದ ಹನ್ನೆರಡು ವಾರಗಳಲ್ಲಿ ಔಷಧ, ವ್ಯಾಯಾಮದಿಂದಲೇ ಸುಧಾರಿಸುತ್ತಾರೆ. ಅನುಮಾನವಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದು ರೋಗಿಯ ಹಕ್ಕು.

ಊರಿಗೆ ಮರಳುವ ಮೊದಲು, ಹೊರಡುವ ಮೊದಲು

ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ. ಅದಕ್ಕಾಗಿಯೇ ಮತ್ತೆ ಹೈದರಾಬಾದಿಗೆ ಬರಬೇಕೇ, ರಾಯಚೂರಿನ ರಿಮ್ಸ್, ಯಾದಗಿರಿಯ ಯಿಮ್ಸ್, ಬೀದರಿನ ಬ್ರಿಮ್ಸ್‌ನಂಥ ಹತ್ತಿರದ ಆಸ್ಪತ್ರೆಯಲ್ಲಿ ಸಾಕೇ ಎಂದು ಕೇಳಿ, ಡಿಸ್ಚಾರ್ಜ್ ಕಾಗದದಲ್ಲಿ ಬರೆಸಿಕೊಳ್ಳಿ. ಕಾರಿನಲ್ಲಿ ಹೋಗುವುದಾದರೆ ತಾಸಿಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಹಾಕಬೇಕು. ಮನೆಯಲ್ಲಿ ನೆಲದ ಹಾಸಿಗೆ, ಭಾರತೀಯ ಶೈಲಿಯ ಶೌಚಾಲಯ ಇದ್ದರೆ ಎತ್ತರದ ಮಂಚ, ಕಮೋಡ್ ಕುರ್ಚಿ ಮೊದಲೇ ತಂದಿಡಬೇಕು. ಆಪರೇಷನ್‌ಗೆ ಮುಂಚೆ ಅಥವಾ ನಂತರ ಮನಸ್ಸಿನ ಕಳವಳ ತಡೆಯಲಾಗದಿದ್ದರೆ ಟೆಲಿ ಮಾನಸ್ ಉಚಿತ ಸಂಖ್ಯೆ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಪ್ರಿಹ್ಯಾಬ್ ಎಂಬ ಬೋರ್ಡು ಎಲ್ಲ ಆಸ್ಪತ್ರೆಯಲ್ಲೂ ಕಾಣುವುದಿಲ್ಲ. ಆದರೆ ಅದನ್ನು ಕೇಳಿ ಪಡೆಯಬಹುದು. ತಾರೀಖು ಕೊಟ್ಟ ದಿನವೇ ಐದು ಪ್ರಶ್ನೆ ಕೇಳಿ: ನನ್ನ ಆಪರೇಷನ್ ಯಾವುದು, ಅದರಿಂದ ಯಾವ ನೋವು ಹೋಗುತ್ತದೆ, ಯಾವುದು ಉಳಿಯಬಹುದು? ಅಲ್ಲಿಯವರೆಗೆ ನಾನು ಮನೆಯಲ್ಲಿ ಏನು ಮಾಡಬೇಕು, ಏನು ಬಿಡಬೇಕು? ಫಿಜಿಯೋಥೆರಪಿಸ್ಟ್‌ರನ್ನು ಯಾವಾಗ ಕಾಣಲಿ? ಆಮೇಲಿನ ನೋವಿಗೆ ನಿಮ್ಮ ಯೋಜನೆ ಏನು? ಕನ್ನಡ ಬಲ್ಲ ಸಿಸ್ಟರ್ ಯಾರಾದರೂ ಇದ್ದಾರೆಯೇ?

ಐದನೆಯದನ್ನು ಕೇಳಲು ಹಿಂಜರಿಯಬೇಡಿ. ಕೇಳುವವರು ಹೆಚ್ಚಾದಷ್ಟೂ ಆಸ್ಪತ್ರೆಗಳು ಕನ್ನಡದಲ್ಲಿ ಒಂದು ಪುಟದ ಸೂಚನೆಯನ್ನಾದರೂ ಅಚ್ಚು ಹಾಕಿಸುತ್ತವೆ, ಕನ್ನಡ ಬಲ್ಲ ನರ್ಸ್‌ಗಳಿಗೆ ಈ ಕೆಲಸ ಒಪ್ಪಿಸುತ್ತವೆ. ಕಾಚಿಗೂಡದ ಸುತ್ತಲಿನ ಕನ್ನಡ ಸಂಘಗಳು ಮತ್ತು ನೃಪತುಂಗ ಶಾಲೆಯ ಹಳೆಯ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ, ಊರಿನಿಂದ ಬರುವ ರೋಗಿಗಳಿಗೆ ಮಾತಿನ ನೆರವು ಕೊಡುವ ಸ್ವಯಂಸೇವಕರ ಪಟ್ಟಿ ಸಿದ್ಧಪಡಿಸುವುದು ದೊಡ್ಡ ಕೆಲಸವಲ್ಲ. ಶಸ್ತ್ರವೈದ್ಯರ ಕೈಚಳಕ ಕೆಲವು ತಾಸಿನದು. ಅದಕ್ಕೆ ಮುಂಚಿನ ವಾರಗಳು ರೋಗಿಯವು, ಮನೆಯವರವು, ನರ್ಸ್‌ಗಳವು. ಅವನ್ನು ಖಾಲಿ ಬಿಡದಿದ್ದರೆ ನೋವು ಇಳಿಸುವ ಕೆಲಸ ಓಟಿಯ ಬಾಗಿಲು ತೆರೆಯುವ ಮೊದಲೇ ಶುರುವಾಗಿರುತ್ತದೆ.